ಎಡದಿಂದ ಎರಡನೆಯ ಡಬ್ಬಿ

ಪುಣೆ ಹತ್ತಿರದ ನಿಗಡಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ನಡುವಿನ ಹಲಗೆಯ ಮೇಲೆ, ಎಡದಿಂದ ಎರಡನೆಯದಾಗಿ ಕುಳಿತಿರುವುದು ಬೆಲ್ಲದ ಡಬ್ಬಿ. ಅದು ಹುಟ್ಟಿದ್ದು ಬಿಸ್ಕೀಟಿನ ಡಬ್ಬಿಯಾಗಿ. ಅದರ ಮೈಮೇಲೆ ಕೆಂಪು ಲಂಗದ ಹುಡುಗಿಯೊಬ್ಬಳು ಒಂದು ಕಾಲಕ್ಕೆ ನಗುತ್ತಿದ್ದಳು, ವರ್ಷಗಟ್ಟಲೆ ಉಜ್ಜಿಸಿಕೊಂಡು ಈಗ ಅವಳ ಲಂಗವಷ್ಟೇ ಉಳಿದಿದೆ. ಹೊರಗಿನಿಂದ ಬಂದವರಿಗೆ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡುವುದು ನಮ್ಮ ಕಡೆಯ ರೂಢಿ. ನಾನು ಸಂಜೆ ಆಫೀಸಿನಿಂದ ಬಂದಾಗ ಬೇರೆ ಯಾರೂ ಗಮನಿಸದಿದ್ದರೆ ನನ್ನನ್ನು ನಾನೇ ಅತಿಥಿಯೆಂದು ಬಗೆದು, ಚಪ್ಪಲಿ ಬಿಟ್ಟವನೇ ನೇರ ಒಳಗೆ ನಡೆದು, ಎಡದಿಂದ ಎರಡನೆಯ ಡಬ್ಬಿಗೆ ಕೈಹಾಕಿ ಆದರಾತಿಥ್ಯ ಮುಗಿಸಿಕೊಳ್ಳುತ್ತೇನೆ.

ಎಲ್ಲರ ಮನೆಯಲ್ಲೂ ಬೆಲ್ಲದ ಡಬ್ಬಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಅದನ್ನು ಹೇಳಲು ಒಂದು ಪ್ರಬಂಧ ಬೇಕೇ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ. ನನ್ನ ಹೆಂಡತಿ ಗಿರಿಜಾಗೆ ಇಬ್ಬರು ಅಕ್ಕಂದಿರು. ಹಿರಿಯಕ್ಕ ಇಂದಾಪುರದಲ್ಲಿ, ನಡುವಿನಕ್ಕ ಲೋಣಾವಳಾದಲ್ಲಿ. ಇಂದಾಪುರದ ಮನೆಗೆ ಹೋಗಿ ನೀವು ನಡುವಿನ ಹಲಗೆಯ ಎಡದಿಂದ ಎರಡನೆಯ ಡಬ್ಬಿಯ ಮುಚ್ಚಳ ತೆಗೆದರೆ ಅಲ್ಲಿರುವುದೂ ಬೆಲ್ಲವೇ. ಮಳೆಗಾಲದಲ್ಲಿ ಗೋಡೆಗಳೇ ಬೆವರುವ ಲೋಣಾವಳಾದ ಮನೆಗೆ ಹೋಗಿ ತೆಗೆದರೂ ಬೆಲ್ಲವೇ, ಕೊಂಚ ಹಸಿಯಾಗಿರುತ್ತದೆ ಅಷ್ಟೆ. ಉಪ್ಪು, ಖಾರ, ತೊಗರಿಬೇಳೆ, ಜೀರಿಗೆ, ಕೊನೆಗೆ ತಿಂಗಳಿಗೊಮ್ಮೆಯೂ ಮುಟ್ಟದ ಗಸಗಸೆಯ ಪುಟ್ಟ ಡಬ್ಬಿ ಕೂಡ ಮೂರೂ ಊರುಗಳಲ್ಲಿ ಒಂದೇ ಸಾಲಿನಲ್ಲಿ, ಒಂದೇ ಸ್ಥಾನದಲ್ಲಿ ವಿರಾಜಮಾನವಾಗಿವೆ. ಯಾವ ಡಬ್ಬಿಯ ಮೇಲೂ ಹೆಸರಿನ ಚೀಟಿ ಇಲ್ಲ. ಕುಳಿತ ಜಾಗವೇ ಅವುಗಳ ಹೆಸರು.

ಇದೆಲ್ಲ ನಮ್ಮ ಅತ್ತೆಯವರ ರಾಜ್ಯಭಾರದ ಫಲ. ಮೂಲತಃ ಮುಧೋಳದವರಾದ ಅವರು ಒಬ್ಬೊಬ್ಬ ಮಗಳ ಮದುವೆಯಾದಾಗಲೂ ಪುಣೆಯ ತುಳಶಿಬಾಗ್ ಪೇಟೆಗೆ ಬಂದು, ಬೆಲ್ಲದ್ದೊಂದನ್ನು ಬಿಟ್ಟು ಉಳಿದವಕ್ಕೆಲ್ಲ ಒಂದೇ ಬಗೆಯ ಸ್ಟೀಲಿನ ಡಬ್ಬಿಗಳನ್ನು ಕೊಂಡು, ಮಗಳ ಹೊಸಮನೆಗೆ ಹೋಗಿ, ಅಳಿಯನನ್ನು ಹೊರಗೆ ಕಳಿಸಿ, ಸ್ವತಃ ಜೋಡಿಸಿಟ್ಟು ಬಂದವರು. ನನ್ನನ್ನೂ ಹಾಗೆ ಹೊರಗೆ ಕಳಿಸಲಾಗಿತ್ತು. ಇದೇಕೆ ಹೀಗೆ ಎಂದು ಒಮ್ಮೆ ಕೇಳಿದ್ದಕ್ಕೆ ಅವರು, "ಒಬ್ಬಾಕಿ ಹಾಸಿಗಿ ಹಿಡದ್ರ ಇನ್ನೊಬ್ಬಾಕಿ ಬಂದು, ಉಪ್ಪೆಲ್ಲಿ ಖಾರೆಲ್ಲಿ ಅಂತ ಕೇಳಲಾರದ ಅಡಗಿ ಮಾಡಬೇಕ್ರಿ. ಹಾಸಿಗಿ ಹಿಡದಾಕಿನ್ನ ಎಬ್ಬಿಸಿ ಕೇಳೂದು ಚಂದೇನು?" ಎಂದಿದ್ದರು. ಮಾವನವರು ತೀರಿಕೊಂಡ ಮೇಲೆ ಅವರು ವರ್ಷವನ್ನು ಮೂರು ಪಾಲು ಮಾಡಿ, ನಾಲ್ಕು ನಾಲ್ಕು ತಿಂಗಳು ಒಂದೊಂದು ಮನೆಯಲ್ಲಿ ಠಾಣ್ಯ ಹೂಡತೊಡಗಿದರು. ಹೋದಲ್ಲೆಲ್ಲ ಒಲೆ ಅವರದೇ. ಬಸ್ಸಿನಿಂದ ಇಳಿದು ಕಾಲು ತೊಳೆದ ಹತ್ತು ನಿಮಿಷಕ್ಕೆ ಒಗ್ಗರಣೆಯ ಸದ್ದು ಕೇಳಿಸುತ್ತಿತ್ತು.

ಈಗ ನಿಮ್ಮನ್ನು ಸ್ವಲ್ಪ ಹೊತ್ತು ನನ್ನ ಆಫೀಸಿಗೆ ಕರೆದೊಯ್ಯಬೇಕು. ಹೆದರಬೇಡಿ, ಅದೂ ಒಂದು ಅಡುಗೆಕೋಣೆಯೇ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿವಾಜಿನಗರದ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಏಳು ಜನ ಕೂತು, ಕಾರ್ಖಾನೆಗಳಿಗೆ ಪರಿಚಯದ ಸಿ.ಡಿ. ಮಾಡಿಕೊಡುತ್ತಿದ್ದೆವು. ಸಿ.ಡಿ.ಯನ್ನು ಕಂಪ್ಯೂಟರಿಗೆ ತೂರಿಸಿದರೆ ಪರದೆಯ ಮೇಲೆ ಚಿತ್ರ ಮೂಡುತ್ತದೆ, ಕೆಳಗೆ ಬರಹ ಬರುತ್ತದೆ, ಗಂಭೀರವಾದ ದನಿಯೊಂದು ವಿವರಣೆ ಕೊಡುತ್ತದೆ. ಆಗ ಇದು ಮಹಾ ಚಮತ್ಕಾರ. ಈ ಚಮತ್ಕಾರದ ದಿನಸಿಯನ್ನೆಲ್ಲ ಒಂದು ದೊಡ್ಡ ಕಂಪ್ಯೂಟರಿನಲ್ಲಿ, ನಾವು ಭಂಡಾರವೆಂದು ಕರೆಯುತ್ತಿದ್ದ ಒಂದೇ ಕಡೆ ಇಡುತ್ತಿದ್ದೆವು. ಆ ಭಂಡಾರದ ವಿಶೇಷವೇನೆಂದರೆ ಅದು ಏನನ್ನೂ ಮರೆಯುವುದಿಲ್ಲ. ಯಾರು ಯಾವ ದಿನ ಯಾವ ಕಡತ ಮುಟ್ಟಿದರು, ಏನು ಕೆಡಿಸಿದರು, ಕೆಡಿಸುವ ಮೊದಲು ಅದು ಹೇಗಿತ್ತು ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತದೆ; ಕೇಳಿದರೆ ನಿನ್ನೆಯನ್ನು ಇದ್ದ ಹಾಗೆ ತಿರುಗಿ ಕೊಡುತ್ತದೆ. ಮನುಷ್ಯರಲ್ಲಿ ಈ ಗುಣ ಇರುವುದು ಬೀಗರಲ್ಲಿ ಮಾತ್ರ, ಅವರೂ ಕೆಡುವ ಮೊದಲು ಹೇಗಿತ್ತೆಂಬುದನ್ನು ನೆನಪಿಡುವುದಿಲ್ಲ.

ಭಂಡಾರದೊಳಗೆ ಮೂರು ದೊಡ್ಡ ಫೋಲ್ಡರುಗಳು: ಚಿತ್ರ, ಬರಹ, ದನಿ. ಮೂರರೊಳಗೂ ಒಂದರಿಂದ ಹದಿನಾಲ್ಕರವರೆಗೆ ಸಂಖ್ಯೆ ಹಾಕಿದ ಸಣ್ಣ ಫೋಲ್ಡರುಗಳು. ನಾಲ್ಕನೆಯ ಚಿತ್ರಕ್ಕೆ ನಾಲ್ಕನೆಯ ಬರಹ, ನಾಲ್ಕನೆಯ ದನಿ; ಐದಕ್ಕೆ ಐದು. ಸಿ.ಡಿ.ಗೆ ಗೊತ್ತಿದ್ದುದು ಇಷ್ಟೇ, ಸಂಖ್ಯೆ ನೋಡಿಕೊಂಡು ಹೋಗಿ ಮೂರೂ ಮನೆಯಿಂದ ಒಂದೊಂದು ತಂದು ಪರದೆಯ ಮೇಲೆ ಬಡಿಸುವುದು. ಇದನ್ನೆಲ್ಲ ಕಟ್ಟಿದವರು ನಮ್ಮ ಹಿರಿಯರಾದ ದೇಶಪಾಂಡೆ ಬಾಯಿ. ನಿವೃತ್ತಿಗೆ ಹತ್ತಿರವಾದ, ದನಿ ಏರಿಸದ, ಮಧ್ಯಾಹ್ನದ ಡಬ್ಬಿಯಲ್ಲೂ ಚಪಾತಿಯಂಥ ಪೋಳಿಯನ್ನು ಒಂದೇ ಅಳತೆಗೆ ಮಡಿಚಿ ತರುವ ಹೆಂಗಸು. ಸೇರಿದ ಮೊದಲ ದಿನವೇ ಅವರು ನನಗೆ ಹೇಳಿದ್ದು ಒಂದೇ ಮಾತು: "ಏಕ ಹಲವಲಂ ಕೀ ಸಗಳಂ ಹಲವಾಯಚಂ." ಒಂದನ್ನು ಸರಿಸಿದರೆ ಎಲ್ಲವನ್ನೂ ಸರಿಸಬೇಕು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿನಿಂದಲೂ ಮುಂದು.

ಆದರೆ ಓದುಗ ಮಿತ್ರರೇ, ನನಗೊಂದು ಚಟವಿದೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಜೋಡಿಸುವುದು. ಯಾವುದೇ ವಸ್ತು ಇರುವ ಜಾಗದಲ್ಲಿ ಇರುವುದನ್ನು ಕಂಡರೆ, ಇದು ಇನ್ನೊಂದು ಜಾಗದಲ್ಲಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಕೈ ತುರಿಸುತ್ತದೆ. ಸೋಲಾಪುರ ರಸ್ತೆಯ ಒಂದು ಸಕ್ಕರೆ ಕಾರ್ಖಾನೆಯ ಸಿ.ಡಿ. ಮುಗಿಯುವ ಹೊತ್ತಿಗೆ ಅವರ ಹೆಬ್ಬಾಗಿಲಿನ ಹೊಸದೊಂದು ಫೋಟೋ ಬಂತು. ಎಷ್ಟು ಸೊಗಸಾದ ಫೋಟೋ ಎಂದರೆ ಅದನ್ನು ಕೊನೆಯಲ್ಲಿಡಲು ನನಗೆ ಮನಸ್ಸಾಗಲಿಲ್ಲ. ಅದನ್ನು ಎರಡನೆಯ ಸ್ಥಾನದಲ್ಲಿ ಪ್ರತಿಷ್ಠಾಪಿಸಿ ಉಳಿದ ಚಿತ್ರಗಳನ್ನೆಲ್ಲ ಒಂದೊಂದು ಹೆಜ್ಜೆ ಕೆಳಗೆ ಸರಿಸಿದೆ. ಸರಿಸುವುದೆಂದರೆ ಆ ಕಾಲದ ಭಂಡಾರದಲ್ಲಿ ಸುಲಭವಲ್ಲ. ಅದಕ್ಕೆ ಸ್ಥಳಾಂತರವೆಂಬುದೇ ತಿಳಿಯದು, ಪ್ರತಿಯೊಂದು ಕಡತವೂ ಇಲ್ಲಿ ಸತ್ತು ಅಲ್ಲಿ ಹುಟ್ಟಬೇಕು, ಹುಟ್ಟಿದ ಮೇಲೆ ಪೂರ್ವಜನ್ಮದ ಸ್ಮರಣೆ ಇರುವುದಿಲ್ಲ. ಹದಿಮೂರು ಫೋಲ್ಡರುಗಳಿಗೆ ನಾನು ಇಡೀ ಮಧ್ಯಾಹ್ನ ಕೂತು ಮರಣ ಮತ್ತು ಪುನರ್ಜನ್ಮಗಳನ್ನು ಕರುಣಿಸಿದೆ. ಸಾಕಾಗಿ ಹೋಯಿತು. ಬರಹ ಮತ್ತು ದನಿಯ ಫೋಲ್ಡರುಗಳನ್ನು ನಾಳೆ ಸರಿಸಿದರಾಯಿತು ಎಂದುಕೊಂಡು ಲೋಕಲ್ ರೈಲು ಹಿಡಿದು ಮನೆಗೆ ಬಂದು ಬೆಲ್ಲ ತಿಂದೆ. ನಾಳೆ ಏನಾಯಿತೆಂದರೆ, ಮರೆತೆ.

ಕಾರ್ಖಾನೆಯ ಸಭಾಗೃಹದಲ್ಲಿ ನಿರ್ದೇಶಕರೆಲ್ಲ ಬಿಳಿ ಟೋಪಿಯಲ್ಲಿ ಕೂತಿದ್ದರು. ನಾನು ಸಿ.ಡಿ. ಹಾಕಿದೆ. ಎರಡನೆಯದೂ ಮೂರನೆಯದೂ ಯಾರ ಗಮನಕ್ಕೂ ಬಾರದೆ ದಾಟಿದವು. ನಾಲ್ಕನೆಯ ಪರದೆಯಲ್ಲಿ ಗಂಭೀರ ದನಿ, "ಇವರು ನಮ್ಮ ನಾಯಕರು, ರೈತರ ಪ್ರೀತಿಗೆ ಪಾತ್ರರಾದ ಅಧ್ಯಕ್ಷರು" ಎಂದು ಮರಾಠಿಯಲ್ಲಿ ಘೋಷಿಸಿತು; ಪರದೆಯ ತುಂಬ ತುಕ್ಕು ಹಿಡಿದ, ದುಂಡಗಿನ, ಬೃಹತ್ತಾದ, ಕಬ್ಬಿನ ಕರಿಪಾಕ ತುಂಬುವ ಕಾಕಂಬಿ ತೊಟ್ಟಿಯೊಂದು ಮೂಡಿತು. ಬಿಳಿ ಟೋಪಿಗಳೆಲ್ಲ ಒಟ್ಟಿಗೆ ಅಧ್ಯಕ್ಷರ ಕಡೆ ತಿರುಗಿದವು. ನಾನು ಗಾಬರಿಯಲ್ಲಿ ಗುಂಡಿ ಒತ್ತಿದರೆ ಐದನೆಯ ಪರದೆ ಬಂತು. ಅದರಲ್ಲಿ ಅಧ್ಯಕ್ಷರು ಹಾರ ಹಾಕಿಕೊಂಡು ಕೈಮುಗಿದು ನಿಂತಿದ್ದರು, ದನಿ ಮಾತ್ರ ಕಬ್ಬಿನ ಗಾಡಿಯ ಎತ್ತುಗಳ ಆರೈಕೆಯನ್ನು ವಿವರಿಸುತ್ತಿತ್ತು: ದಿನಕ್ಕೆ ಎರಡು ಬಾರಿ ನೀರು ಕುಡಿಸಬೇಕು, ಬಿಸಿಲಿನಲ್ಲಿ ನಿಲ್ಲಿಸದೆ ನೆರಳಿಗೆ ಕಟ್ಟಬೇಕು, ವಯಸ್ಸಾದವುಗಳಿಂದ ಹೆಚ್ಚು ಕೆಲಸ ತೆಗೆಯಬಾರದು. ಅಧ್ಯಕ್ಷರು ದೊಡ್ಡ ಮನುಷ್ಯರು. ಎದ್ದು ನನ್ನ ಬಳಿ ಬಂದು ಮೆಲ್ಲಗೆ, "ಹೇ ಆಮಚ್ಯಾ ಘರೀ ದಾಖವೂ ನಕಾ" ಎಂದರು. ಇದನ್ನು ನಮ್ಮ ಮನೆಯಲ್ಲಿ ತೋರಿಸಬೇಡಿ ಎಂದು.

ದೇಶಪಾಂಡೆ ಬಾಯಿ ಬೈಯಲಿಲ್ಲ. ಭಂಡಾರದ ಮುಂದೆ ಕೂತು, ನಾನು ಒಂದು ಮಧ್ಯಾಹ್ನವಿಡೀ ಕೆಡಿಸಿದ್ದನ್ನು ಎರಡು ಸಾಲು ಬರೆದು ಹಿಂದಿನ ದಿನಕ್ಕೆ ಒಯ್ದರು, ಡಬ್ಬಿ ತೆಗೆದು ಪೋಳಿ ತಿಂದರು. ಅಂದಿನಿಂದ ಜೋಡಿಸುವ ಕೆಲಸ ನನಗೆ ನಿಷಿದ್ಧವಾಯಿತು. ಚಟ ಬಿಡಿಸಿಕೊಂಡವನ ಕೈ ಎಲ್ಲಿಗೆ ಹೋಗುತ್ತದೆ ಹೇಳಿ. ಮನೆಗೆ ಹೋಗುತ್ತದೆ.

ಅಲ್ಲಿಂದ ಎರಡು ವರ್ಷಕ್ಕೆ, ಒಂದು ಆಷಾಢದಲ್ಲಿ, ಗಿರಿಜಾ ಒಂದು ವಾರದ ಮಟ್ಟಿಗೆ ಲೋಣಾವಳಾಕ್ಕೆ ಹೊರಟಳು. ಅಲ್ಲಿ ನಡುವಿನಕ್ಕನಿಗೆ ಜ್ವರ. ಅದೇ ವಾರದ ಕೊನೆಗೆ ಅತ್ತೆ ಇಂದಾಪುರದ ಪಾಳಿ ಮುಗಿಸಿ ನಮ್ಮಲ್ಲಿಗೆ ಬರುವವರಿದ್ದರು. ಹೋಗುವಾಗ ಗಿರಿಜಾ, "ಅಡಗಿಮನ್ಯಾಗ ಏನೂ ಮುಟ್ಟಬ್ಯಾಡ್ರಿ" ಎಂದಳು. ಹಾಗೆನ್ನದಿದ್ದರೆ ನನಗೆ ಹೊಳೆಯುತ್ತಿತ್ತೋ ಇಲ್ಲವೋ. ಮೊದಲ ರವಿವಾರ ಮಳೆ ಹಿಡಿದಿತ್ತು, ಮಾಡಲು ಕೆಲಸವಿರಲಿಲ್ಲ, ಹಲಗೆಗಳ ಮುಂದೆ ನಿಂತು ನೋಡಿದೆ. ಚಹಾಪುಡಿ ಮೇಲಿನ ಹಲಗೆಯ ಕಟ್ಟಕಡೆಗೆ, ಸಕ್ಕರೆ ನಡುವಿನ ಹಲಗೆಯಲ್ಲಿ. ಒಂದು ಚಹಾಕ್ಕೆ ಕೈ ಎಷ್ಟು ಪ್ರಯಾಣ ಮಾಡಬೇಕು. ಯಾವುದು ದಿನಕ್ಕೆ ಎಷ್ಟು ಸಲ ಬೇಕೋ ಅದು ಒಲೆಗೆ ಅಷ್ಟು ಹತ್ತಿರವಿರಬೇಕು ಎಂಬ ಶಾಸ್ತ್ರವನ್ನು ಅಲ್ಲಿಯೇ ರಚಿಸಿ, ಇಪ್ಪತ್ತಾರು ಡಬ್ಬಿಗಳನ್ನೂ ಅದರಂತೆ ನಿಲ್ಲಿಸಿದೆ. ಅಷ್ಟಕ್ಕೆ ತೃಪ್ತಿಯಾಗದೆ, ಮರುದಿನ ಆಫೀಸಿನಲ್ಲಿ ಪ್ರತಿ ಡಬ್ಬಿಗೂ ಬಳ್ಳಿಯ ಅಂಚಿನ ನಡುವೆ ದುಂಡಕ್ಷರದಲ್ಲಿ ಹೆಸರು ಅಚ್ಚುಮಾಡಿಸಿ ತಂದು ಅಂಟಿಸಿದೆ. ಉಪ್ಪು ಎಂಬ ಎರಡಕ್ಷರ ಅಷ್ಟು ಮುದ್ದಾಗಿ ಕಂಡದ್ದು ಅದೇ ಮೊದಲು.

ಅತ್ತೆ ಶನಿವಾರ ಸಂಜೆ ಬಂದರು. ಸ್ವಾರಗೇಟಿನ ಬಸ್ ನಿಲ್ದಾಣದಿಂದ ಕರೆತಂದದ್ದು ನಾನೇ. ನನ್ನ ಭುಜ ಹಿಡಿದು ನಡೆದರು. ಮಳೆಯ ಕೆಸರಿಗೆ ಅಂದುಕೊಂಡೆ. ಹಿರಿಯಕ್ಕ ಕಟ್ಟಿಕೊಟ್ಟ ಬುತ್ತಿ ಇದ್ದುದರಿಂದ ಆ ಸಂಜೆ ಒಲೆ ಹಚ್ಚಲಿಲ್ಲ.

ರವಿವಾರ ಬೆಳಗ್ಗೆ ನಾನು ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದೆ. ಒಳಗೆ ಮುಚ್ಚಳ ತೆಗೆಯುವ ಸದ್ದು ಬರುತ್ತಿತ್ತು. ಚಹಾ ಎಂದರೆ ಎರಡು ಮುಚ್ಚಳ. ಅಂದು ಮೂರಾಯಿತು, ಐದಾಯಿತು, ಎಂಟಾಯಿತು. ಹನ್ನೊಂದರ ನಂತರ ನಿಂತಿತು, ಚಹಾ ಬಂತು. ಬಾಯಿಗಿಟ್ಟೆ. ಅರಬ್ಬಿ ಸಮುದ್ರವೇ ಘಟ್ಟ ಹತ್ತಿ ಪುಣೆಗೆ ಬಂದಂತಿತ್ತು. ಹೊಸದಾಗಿ ಬಂದ ಅತ್ತೆಗೆ ಚಹಾ ಚೆನ್ನಾಗಿಲ್ಲ ಎನ್ನುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. "ಹೆಂಗಾಗೇದ್ರಿ?" ಎಂದು ಅವರು ಬಾಗಿಲಲ್ಲಿ ನಿಂತು ಕೇಳಿದರು. "ಭಾಳ ಚಲೋ ಆಗೇದ್ರಿ ಅತ್ತಿ" ಎಂದು ಕಣ್ಣು ಮುಚ್ಚಿ ನುಂಗಿದೆ. ನನ್ನ ಹೊಸ ವ್ಯವಸ್ಥೆಗೆ ಒಗ್ಗಿಲ್ಲ, ಪಾಪ, ಚೀಟಿ ಗಮನಿಸಿರಲಿಕ್ಕಿಲ್ಲ ಎಂದುಕೊಂಡು ಲೋಟ ಇಡುವ ನೆಪದಲ್ಲಿ ಒಳಗೆ ಹೋದೆ. ಅವರು ಉಪ್ಪಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಡಬ್ಬಿಗೆಲ್ಲಾ ಹೆಸರು ಬರದು ಹಚ್ಚೇನ್ರಿ ಅತ್ತಿ, ನೋಡಿದ್ರೇನು?"

"ನೋಡಿದ್ನ್ರಿ ಅಳಿಯಾರ. ಅಕ್ಷರ ಭಾಳ ದುಂಡಗ ಅವ" ಎಂದರು ಅವರು, ಡಬ್ಬಿಯನ್ನು ಮೆಚ್ಚುಗೆಯಿಂದ ನೋಡುತ್ತ.

ಚೀಟಿ ನನ್ನ ಕಡೆಗಿತ್ತು. ಅವರು ನೋಡುತ್ತಿದ್ದುದು ಬರೀ ಸ್ಟೀಲನ್ನು.

ಅವರು ಡಬ್ಬಿಯನ್ನು ಹಲಗೆಯ ಮೇಲಿಡಲು ಹೋದಾಗ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತಿತು, ಎಲ್ಲಿಂದ ತೆಗೆದದ್ದೆಂದು ಲೆಕ್ಕ ಹಾಕುವಂತೆ. "ಹೊಗಿ ಭಾಳ ಆಗೇದ ಒಳಗ" ಎಂದರು. ನಮ್ಮದು ಗ್ಯಾಸಿನ ಒಲೆ. ಆಮೇಲೆ, "ಪೂಜಿ ಮುಗಿಸಿ ಬಂದು ಅಡಗಿ ಮಾಡ್ತೀನ್ರಿ. ಇವತ್ತ ಗೋದಿ ಹುಗ್ಗಿ ಮಾಡಬೇಕಂತೀನ್ರಿ" ಎಂದು ಹೇಳಿ, ಗೋಡೆಗೆ ಬೆರಳು ತಾಗಿಸಿಕೊಂಡು ಒಳಕೋಣೆಗೆ ಹೋದರು. ಆ ಬೆರಳು ಎಷ್ಟು ವರ್ಷದಿಂದ ಗೋಡೆಯನ್ನು ತಾಗುತ್ತಿತ್ತೋ, ನಾನು ನೋಡಿಯೂ ನೋಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಅವರ ಪೂಜೆ ಮುಕ್ಕಾಲು ಗಂಟೆಯದು. ನಾನು ಲೋಣಾವಳಾಕ್ಕೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಪಿಸುದನಿಯಲ್ಲಿ ಗಿರಿಜಾಗೆ ಹೇಳಿದೆ.

"ಮೂರು ವರ್ಷ ಆತ್ರಿ" ಎಂದಳು. "ಬೆಳಕು ಅದ, ಕತ್ತಲಿ ಅದ, ಅಷ್ಟ ತಿಳೀತದ ಅಕಿಗೆ. ನಮಗ ಮೂರೂ ಮಂದಿಗೆ ಗೊತ್ತದ. ನಮಗ ಗೊತ್ತದ ಅನ್ನೂದು ಅಕಿಗೆ ಗೊತ್ತಿಲ್ಲ."

"ನನಗೊಂದು ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನೀವು ಏನಾರ ಜೋಡಸ್ತಿದ್ರಿ" ಎಂದಳು. "ಡಾಕ್ಟರ ಕಡೆ ಹೋಗೂಣು ಅಂದ್ರ ಊಟ ಬಿಡ್ತಾಳ. ನಮ್ಮ ಅಜ್ಜಿ ಕಣ್ಣು ಹೋದಾಗ ಮನಿ ಮಂದಿ ಆಕಿನ್ನ ಮೂಲ್ಯಾಗ ಹಗ್ಗದ ಹೊರಸಿನ ಮ್ಯಾಲ ಕೂಡಿಸಿಬಿಟ್ರು. ಒಲಿ ಹಂತೇಕ ಬಿಡಲಿಲ್ಲ. ಅವ್ವ ಅದನ್ನ ನೋಡ್ಯಾಳ. ತನಗೂ ಹಂಗ ಮಾಡ್ತಾರಂತ ಆಕಿ ಅಂಜಿಕಿ. ಈಗ ಹುಗ್ಗ್ಯಾಗ ಉಪ್ಪು ಬಿದ್ರ ಆಕಿ ತಾನ ಹೋಗಿ ಹೊರಸಿನ ಮ್ಯಾಲ ಕೂಡ್ತಾಳ, ಮತ್ತ ಏಳೂದಿಲ್ಲ. ಮೊದಲು ಎಲ್ಲಾ ಇದ್ದಂಗ ಇಡ್ರಿ."

ಇದ್ದಂಗ ಇಡುವುದು. ಭಂಡಾರವಾಗಿದ್ದರೆ ಎರಡು ಸಾಲು ಬರೆದು ನಿನ್ನೆಯನ್ನು ಕರೆಯುತ್ತಿದ್ದೆ. ಹಲಗೆಗೆ ನಿನ್ನೆ ಎಂಬುದಿಲ್ಲ. ಬೆಲ್ಲ, ಚಹಾಪುಡಿ ಎರಡನ್ನು ಬಿಟ್ಟು, ಏಳು ವರ್ಷದಿಂದ ಆ ಮನೆಯಲ್ಲಿ ಉಂಡ ನನಗೆ ಉಳಿದ ಇಪ್ಪತ್ತನಾಲ್ಕರಲ್ಲಿ ಒಂದರ ಜಾಗವೂ ನೆನಪಿಗೆ ಬರಲಿಲ್ಲ. ಆಗ ನನಗೆ ಹೊಳೆಯಿತು, ನಾನು ಕೆಡಿಸಿದ್ದು ಮೂರರಲ್ಲಿ ಒಂದನ್ನು ಮಾತ್ರ. ಇನ್ನೆರಡು ಇದ್ದಂತೆಯೇ ಇದ್ದವು, ಅದರಲ್ಲೊಂದು ಫೋನಿನ ಆ ತುದಿಯಲ್ಲೇ ಇತ್ತು.

ಅಲ್ಲಿಯ ಫೋನಿನ ವಯರು ಅಡುಗೆಮನೆಯವರೆಗೆ ಮುಟ್ಟುತ್ತಿರಲಿಲ್ಲ. ಆದ್ದರಿಂದ ಜ್ವರದಿಂದ ಎದ್ದ ನಡುವಿನಕ್ಕ ಹಲಗೆಯ ಮುಂದೆ ನಿಂತು ಕೂಗಬೇಕು, ಗಿರಿಜಾ ಅದನ್ನು ಫೋನಿನಲ್ಲಿ ಹೇಳಬೇಕು, ನಾನು ಇಲ್ಲಿ ಒಂದೊಂದನ್ನೂ ಕೇಳಿಕೊಂಡು ತುದಿಗಾಲಲ್ಲಿ ಅಡುಗೆಮನೆಗೆ ಓಡಿ ಇಟ್ಟು ಬರಬೇಕು. ಮೇಲಿನ ಹಲಗೆ, ಎಡದಿಂದ: ಅಕ್ಕಿ, ಗೋದಿರವೆ, ಶಾವಿಗೆ, ಅವಲಕ್ಕಿ. ಓಡಿದೆ, ಬಂದೆ. ಮಳೆಗಾಲದಲ್ಲೂ ಬೆವರಿದೆ. ಒಳಕೋಣೆಯಿಂದ ಗಂಟೆಯ ಸದ್ದು ಬಂದಾಗಲೆಲ್ಲ ತೊಗರಿಬೇಳೆಯನ್ನು ಎದೆಗವಚಿಕೊಂಡು ಕಂಬದಂತೆ ನಿಂತೆ. ಬಳ್ಳಿಯ ಅಂಚಿನ ಚೀಟಿಗಳನ್ನು ಉಗುರಿನಿಂದ ಕಿತ್ತು ಕಿಸೆಗೆ ತುಂಬಿಕೊಂಡೆ. ಕೊನೆಯದಾಗಿ ಗಸಗಸೆಯನ್ನು ಮೂಲೆಗೆ ಸೇರಿಸಿ ಫೋನಿಟ್ಟು ಪತ್ರಿಕೆ ಕೈಗೆತ್ತಿಕೊಳ್ಳುವುದಕ್ಕೂ ಅತ್ತೆ ವಿಭೂತಿ ಧರಿಸಿ ಹೊರಬರುವುದಕ್ಕೂ ಸರಿಹೋಯಿತು. ಪತ್ರಿಕೆ ತಲೆಕೆಳಗಾಗಿತ್ತು, ಆದರೆ ಆ ಮನೆಯಲ್ಲಿ ಅದನ್ನು ನೋಡುವವರು ಯಾರೂ ಇರಲಿಲ್ಲ.

ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಅವರ ಕೈ ಹಲಗೆಯ ಕಡೆಗೆ ಹೋಯಿತು. ಎಡದಿಂದ ಎರಡನೆಯದು. ಮುಚ್ಚಳ ತೆರೆಯಿತು, ಬೆಲ್ಲ. ಆಮೇಲೆ ಆ ಕೈ ಎಲ್ಲಿಯೂ ನಿಲ್ಲಲಿಲ್ಲ. ಗೋದಿಗೆ ಹೋಯಿತು, ಏಲಕ್ಕಿಗೆ ಹೋಯಿತು, ಗಸಗಸೆಗೂ ಹೋಯಿತು. ಒಂದು ಗಂಟೆಯ ಹೊತ್ತಿಗೆ ಹುಗ್ಗಿಯ ಪರಿಮಳ ಮೆಟ್ಟಿಲು ಇಳಿದು ಹೋಗಿ ನೆರೆಮನೆಯ ಮರಾಠಿ ಹೆಂಗಸನ್ನು ಕರೆತಂದಿತು. ನನಗೆ ಕಣ್ಣು ತುಂಬಿ ಬಂದದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ಹುಗ್ಗಿ ಬಹಳ ಬಿಸಿ ಇತ್ತು ಎಂದು ನೆರೆಮನೆಯಾಕೆಗೆ ಹೇಳಿದೆ.

ಊಟವಾಗಿ ಎಲೆಅಡಿಕೆ ಹಾಕಿಕೊಳ್ಳುತ್ತ ಅತ್ತೆ ಕೇಳಿದರು: "ಮುಂಜಾನಿ ಚಹಾದಾಗ ಉಪ್ಪು ಬಿದ್ದಿತ್ತಲ್ರಿ, ಯಾಕ ಕುಡದ್ರಿ?"

ನಾನು ಬೆಬ್ಬಳಿಸಿದೆ. ಹಾಗೇನಿಲ್ಲ ಎಂದೆ.

"ನೀವು ಚಹಾ ಕುಡಿಯೂದು ಹತ್ತು ಗುಟುಕಿನಾಗ. ಇವತ್ತ ಮೂರ ಗುಟುಕಿಗೆ ಮುಗಿಸಿದ್ರಿ" ಎಂದರು. "ಪೂಜಿ ಮಾಡೂ ಮುಂದ ನನಗ ಕಿವಿ ಇರತಾವ್ರಿ. ನಡುವಿನಾಕಿ ಅಲ್ಲಿಂದ ಒದರೂದು ಫೋನಿನ್ಯಾಗ ಇಲ್ಲೀತನಾ ಕೇಳಸ್ತಿತ್ತು. ಜ್ವರ ಬಂದಾಕಿನ್ನ ಯಾಕ ಅಷ್ಟು ಒದರಸ್ತೀರಿ." ಇನ್ನೊಂದು ಎಲೆ ಒರೆಸುತ್ತ, "ಎಲ್ಲಾರಿಗೂ ಗೊತ್ತಿತ್ತು, ಆದರೂ ಯಾರೂ ನನ್ನ ಹೊರಸಿನ ಮ್ಯಾಲ ಕೂಡಸಲಿಲ್ಲ" ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಎಲೆಗೆ ಸುಣ್ಣ ಸವರಿ ಮುಗಿಸಿದ ಮೇಲೆ ಮತ್ತೆ ಮಾತಾಡಿದರು: "ಅಳಿಯಾರ, ಚಹಾಪುಡಿ ಸಕ್ಕರಿ ಬಾಜೂಕ ಇಟ್ಟಿದ್ರಲ್ಲಾ, ಅದೊಂದು ಚಲೋ ಇತ್ತು ನೋಡ್ರಿ. ನಮ್ಮ ಮನಿಗೆ ಚಹಾ ಕಡೀಕ ಬಂತು, ಅದಕ್ಕ ಕಡೀಕ ಇಟ್ಟಿದ್ದೆ. ತಿರುಗಿ ಅಲ್ಲೇ ಇಡ್ರಿ. ಆದರ ಒಂದ ಮನ್ಯಾಗ ಇಟ್ರ ನಡಿಯೂದಿಲ್ಲ."

ಹೀಗೆ ನನ್ನ ಜೀವಮಾನದ ಜೋಡಣೆಗಳಲ್ಲಿ ಒಂದೇ ಒಂದು ಮಂಜೂರಾಯಿತು. ಅದನ್ನು ಜಾರಿಗೆ ತರುವ ಹೊಣೆಯೂ ನನ್ನದೇ. ಮುಂದಿನ ವಾರ ಗಿರಿಜಾಳನ್ನು ಕರೆತರಲು ಲೋಕಲ್ ಹತ್ತಿ ಲೋಣಾವಳಾಕ್ಕೆ ಹೋದವನು ಅಲ್ಲಿಯ ಚಹಾಪುಡಿಯನ್ನು ಮೇಲಿನಿಂದ ಇಳಿಸಿ ಸಕ್ಕರೆಯ ಬಲಕ್ಕೆ ಇಟ್ಟೆ. ಅದರ ನಂತರದ ರವಿವಾರ ಎಸ್.ಟಿ. ಬಸ್ಸಿನಲ್ಲಿ, ಯಾರದೋ ಕೋಳಿಬುಟ್ಟಿಯೊಂದನ್ನು ತೊಡೆಗೆ ಆನಿಸಿಕೊಂಡು ಇಂದಾಪುರಕ್ಕೆ ಹೋಗಿ, ಬೆಲ್ಲ ನೀರು ಸ್ವೀಕರಿಸಿ, ಎದ್ದು ಒಂದು ಡಬ್ಬಿ ಸರಿಸಿ, ಕೈ ಒರೆಸಿಕೊಂಡೆ. ಹಿರಿಯಕ್ಕನ ಗಂಡ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಇಷ್ಟಕ್ಕ ನಾಲ್ಕು ತಾಸು ಬಸ್ಸಿನ್ಯಾಗ ಬಂದ್ರೇನು?" ಎಂದರು. "ಹೌದ್ರಿ" ಎಂದೆ. ಅವರು ಬಹಳ ಹೊತ್ತು ಯೋಚಿಸಿ, ಪುಣೆಯವರಿಗೆ ಕೆಲಸ ಕಡಿಮೆ ಎಂಬ ನಿರ್ಧಾರಕ್ಕೆ ಬಂದಂತೆ ಕಂಡಿತು.

ಸೋಮವಾರ ಇದನ್ನೆಲ್ಲ ದೇಶಪಾಂಡೆ ಬಾಯಿಗೆ ಹೇಳಿದೆ. ಪೋಳಿ ಮಡಿಚುತ್ತ ಪೂರ್ತಿ ಕೇಳಿ, "ತ್ಯಾಂನಾ ಇಕಡೇ ಪಾಠವಾ, ತುಮ್ಹೀ ಘರೀ ಬಸಾ" ಎಂದರು. ಅವರನ್ನು ಇಲ್ಲಿಗೆ ಕಳಿಸಿ, ನೀವು ಮನೆಯಲ್ಲಿ ಕೂತುಕೊಳ್ಳಿ. ತಮಾಷೆಗೆ ಹೇಳಿದರೆಂದು ನಾನು ಈಗಲೂ ನಂಬಿದ್ದೇನೆ.

ಅದರ ನಂತರ ಜೋಡಣೆಯ ಬಗ್ಗೆ ನನ್ನ ತತ್ತ್ವಜ್ಞಾನ ಬದಲಾಯಿತು. ನಮ್ಮ ನಿಗಡಿಯಲ್ಲಿ ಜಕಾತಿ ನಾಕಾ, ಅಂದರೆ ಸುಂಕದ ಕಟ್ಟೆ, ಎಂದು ಗುರುತಿಟ್ಟು ದಾರಿ ಹೇಳುತ್ತಾರೆ. ನಾಕಾ ಎಂದೋ ಮಾಯವಾದ ಕಡೆಗಳಲ್ಲೂ ಹೆಸರು ಹೋಗಿಲ್ಲ, ರಿಕ್ಷಾದವನು ಇಲ್ಲದ ನಾಕಾದ ಮುಂದೆ ಸರಿಯಾಗಿ ನಿಲ್ಲಿಸುತ್ತಾನೆ. ಮೊದಲಾದರೆ ನಗುತ್ತಿದ್ದೆ. ಈಗ ಅನಿಸುತ್ತದೆ, ಒಂದು ವಸ್ತುವಿನ ಜಾಗವೆಂಬುದು ಆ ವಸ್ತುವಿನದಲ್ಲ. ಅದನ್ನು ಹುಡುಕಿಕೊಂಡು ಬರುವವರದು. ನಾನು ಡಬ್ಬಿ ಸರಿಸಿದೆನೆಂದು ತಿಳಿದಿದ್ದೆ, ನಿಜಕ್ಕೂ ಸರಿಸಿದ್ದು ಒಬ್ಬ ಹೆಂಗಸಿನ ಕಾಲ ಕೆಳಗಿನ ನೆಲವನ್ನು. ಇಷ್ಟು ದೊಡ್ಡ ಮಾತು ನನ್ನ ಬಾಯಿಗೆ ಒಪ್ಪುವುದಿಲ್ಲ, ಆದರೆ ಉಪ್ಪಿನ ಚಹಾ ಕುಡಿದವನಿಗೆ ಅಷ್ಟು ಅಧಿಕಾರ ಇರಲಿ.

ಅತ್ತೆ ಆಮೇಲೆ ತಾವಾಗಿಯೇ ಕಣ್ಣಿನ ಡಾಕ್ಟರ ಬಳಿ ಬಂದರು, ಹೊರಸಿನ ಮಾತು ಯಾರೂ ಎತ್ತಬಾರದೆಂಬ ಷರತ್ತಿನ ಮೇಲೆ. ಒಂದು ಕಣ್ಣು ಕೈಬಿಟ್ಟಿತ್ತು, ಇನ್ನೊಂದರ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದು ನೇರ ಅಡುಗೆಕೋಣೆಗೆ ಹೋಗಿ, ಮೂರು ವರ್ಷಗಳ ನಂತರ ಮೊದಲ ಬಾರಿಗೆ ಹಲಗೆಗಳನ್ನು ಕಣ್ಣಾರೆ ಕಂಡು, "ಏನಿದು ಗಿರಿಜಾ, ಇಷ್ಟು ಜಿಡ್ಡು?" ಎಂದರು. ಮರುದಿನ ಇಂದಾಪುರ ಮತ್ತು ಲೋಣಾವಳಾಗಳಲ್ಲಿಯೂ ಡಬ್ಬಿ ಉಜ್ಜುವ ಕಾರ್ಯಕ್ರಮ ನಡೆಯಿತೆಂದು ಫೋನು ಬಂತು.

ಇದೆಲ್ಲ ಆಗಿ ಏಳೆಂಟು ವರ್ಷವಾಯಿತು. ಈಚೆಗೆ ನನಗೆ ಒಂದು ಸಣ್ಣ ತೊಂದರೆ ಶುರುವಾಗಿದೆ. ಪತ್ರಿಕೆಯವರು ಅಕ್ಷರವನ್ನು ವರ್ಷವರ್ಷವೂ ಚಿಕ್ಕದು ಮಾಡುತ್ತಿದ್ದಾರೆ, ನನ್ನ ಕೈ ಅದನ್ನು ಹಿಡಿಯಲು ಸಾಲದಷ್ಟು ಗಿಡ್ಡವಾಗುತ್ತಿದೆ. ಚಾಳೀಸು ಬಂತೆಂದು ಒಪ್ಪಿಕೊಳ್ಳುವ ವಯಸ್ಸು ನನ್ನದಲ್ಲ, ನಲವತ್ತಾರು ಏನು ಮಹಾ. ಆದ್ದರಿಂದ ಯಾರಿಗೂ ಹೇಳಿಲ್ಲ. ಮನೆಯಲ್ಲಿ ತಲೆಬರಹಗಳನ್ನಷ್ಟೇ ಓದಿ ಉಳಿದದ್ದನ್ನು ಊಹಿಸಿ ಚರ್ಚೆ ಮಾಡುತ್ತೇನೆ. ಯಾರೂ ಗುರುತಿಸಿಲ್ಲ ಎಂಬ ಭರವಸೆಯಲ್ಲಿದ್ದೆ.

ಕಳೆದ ವಾರ ಲೋಣಾವಳಾಕ್ಕೆ ಹೋಗಿದ್ದೆ. ಫೋನಿನ ಎಡಗಡೆ, ಮಡಿಚಿದ ಬಿಳಿ ವಸ್ತ್ರದ ಮೇಲೆ, ಒಂದು ಕನ್ನಡಕ. ಯಾರದು ಎಂದೆ. "ಯಾರದೋ ಏನೋ ಇರ್ಲಿ ಬಿಡ್ರಿ" ಎಂದು ನಡುವಿನಕ್ಕ ಒಳಗೆ ಹೋದಳು. ಯಾರೂ ಇಲ್ಲದಾಗ ಹಾಕಿಕೊಂಡು ನೋಡಿದೆ, ಪತ್ರಿಕೆಯವರು ಅಕ್ಷರವನ್ನು ಮತ್ತೆ ದೊಡ್ಡದು ಮಾಡಿದ್ದರು. ಮೊನ್ನೆ ಕೆಲಸದ ಮೇಲೆ ಇಂದಾಪುರಕ್ಕೆ ಹೋದೆ. ಫೋನಿನ ಎಡಗಡೆ, ಮಡಿಚಿದ ಬಿಳಿ ವಸ್ತ್ರ, ಅದೇ ಚೌಕಟ್ಟಿನ, ಅದೇ ನಂಬರಿನ ಕನ್ನಡಕ. ಹಿರಿಯಕ್ಕನ ಗಂಡ ಅದನ್ನು ನೋಡದವರಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು.

ನಿನ್ನೆ ಸಂಜೆ ನಿಗಡಿಗೆ ಬಂದು ಚಪ್ಪಲಿ ಬಿಟ್ಟು, ಮೊದಲು ಫೋನಿನ ಎಡಗಡೆ ನೋಡಿದೆ. ಇತ್ತು. ಗಿರಿಜಾ ಕಾಯಿಪಲ್ಲೆ ಹೆಚ್ಚುತ್ತಿದ್ದಳು. ಅತ್ತೆ ಒಲೆಯ ಮುಂದೆ, ಇದ್ದ ಒಂದೇ ಕಣ್ಣಿನಿಂದ ಒಗ್ಗರಣೆಯನ್ನು ನೋಡುತ್ತಿದ್ದರು, ನನ್ನನ್ನಲ್ಲ. ನಡುವಿನ ಹಲಗೆಗೆ ಕೈ ಚಾಚಿ ಎಡದಿಂದ ಎರಡನೆಯ ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದುಕೊಂಡೆ, ನೀರು ಕುಡಿದೆ, ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಓದಿ ಮುಗಿದ ಮೇಲೆ ಕನ್ನಡಕವನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ.